ಮಗ್ಗ ನಿಂತ ಓಣಿ

ಇಂದುಮತಿ ತಿರುವು ದಾಟಿ ಓಣಿಯೊಳಕ್ಕೆ ಕಾಲಿಟ್ಟಳೆಂದರೆ ಮಗ್ಗಗಳು ಒಂದೊಂದಾಗಿ ನಿಲ್ಲುತ್ತಿದ್ದವು. ಮೊದಲು ಮೂಲೆಯ ಮನೆಯವು, ಆಮೇಲೆ ಎದುರು ಸಾಲಿನವು, ಕೊನೆಗೆ ಹಿಟ್ಟಿನ ಗಿರಣಿಯ ಹಿಂದಿನವು. ಕಸ್ತೂರಿಯ ಮನೆಯ ಕಟ್ಟೆ ಹತ್ತುವಷ್ಟರಲ್ಲಿ ತನ್ನ ಚಪ್ಪಲಿಯ ಸದ್ದು ತನಗೇ ಕೇಳಿ ಅವಳಿಗೆ ನಾಚಿಕೆಯಾಗುತ್ತಿತ್ತು. ಇಷ್ಟು ಮಗ್ಗ ನಿಲ್ಲಿಸಿ ಎಂದು ಅವಳು ಯಾರಿಗೂ ಹೇಳಿರಲಿಲ್ಲ. ಮಗುವಿನ ಮನೆ ನಿಶ್ಶಬ್ದವಾಗಿರಬೇಕು ಎಂದಷ್ಟೇ ನಿಯಮದಲ್ಲಿದ್ದದ್ದು. ಕಸ್ತೂರಿ ತನ್ನ ಎರಡು ಪವರ್‌ಲೂಮ್ ನಿಲ್ಲಿಸಿದರೂ ಪಕ್ಕದ ಮನೆಗಳ ಸದ್ದು ಗೋಡೆ ತೂರಿ ಬರುತ್ತಿತ್ತು. ಅದು ತಿಳಿದದ್ದೇ ನೆರೆಯವರು ತಾವಾಗಿಯೇ ಸ್ವಿಚ್ಚು ಆರಿಸತೊಡಗಿದರು. ಬನಹಟ್ಟಿಯ ಆ ಓಣಿಯಲ್ಲಿ ಒಬ್ಬರ ಮಗುವಿನ ಜಡ್ಡು ಎಲ್ಲರ ಮನೆಯ ಜಡ್ಡು. ಧನ್ಯವಾದ ಹೇಳಹೋದರೆ, ಮಗ್ಗ ಎಲ್ಲಿ ಓಡಿ ಹೋಗತಾವ್ರಿ, ಹುಡುಗಿ ಆರಾಮಾಗಲಿ ಎನ್ನುತ್ತಿದ್ದರು.

ಆ ಹುಡುಗಿ ಪಾರಿ. ವರ್ಷ ಆರು. ಈ ಜೂನಿಗೆ ಒಂದನೇ ಇಯತ್ತೆಗೆ ಸೇರಬೇಕು.

ಆ ಕಾಲಕ್ಕೆ ಮಕ್ಕಳ ಹಠ, ಅಳು, ಸಿಟ್ಟು ಮನೆಯವರಿಗೆ ಬಿಟ್ಟ ವಿಷಯವಾಗಿ ಉಳಿದಿರಲಿಲ್ಲ. ಶಾಲೆಗೆ ಸೇರುವ ಮುಂಚೆ ಪ್ರತಿ ಮಗುವೂ 'ಮಂದಾನಿಲ'ದ ಪರೀಕ್ಷೆ ದಾಟಬೇಕಿತ್ತು. ಮಂದಾನಿಲ ಎನ್ನುವುದು ಯೋಜನೆಯ ಹೆಸರು. ಜನ ಅದನ್ನು ಕಿವಿಪಟ್ಟಿ ಎನ್ನುತ್ತಿದ್ದರು. ಹಣೆಯಿಂದ ಹಿಂದಲೆಯವರೆಗೆ ಸುತ್ತುವ ಮೆತ್ತನೆಯ ಪಟ್ಟಿ, ಎರಡೂ ಕಿವಿಯ ಮೇಲೆ ಬಟ್ಟಲಿನಂಥ ಮುಚ್ಚಳ. ಕಿವಿಯ ತಮಟೆಯ ಹಿಂದೆ ಅಕ್ಕಿಕಾಳಿಗಿಂತ ಸಣ್ಣ ಸ್ನಾಯುವೊಂದಿದೆ. ಮನಸ್ಸು ನಿರಾಳವಾಗಿದ್ದರೆ ಅದು ಬಿಗಿಯಾಗಿ ಮನುಷ್ಯರ ಮಾತು ಸ್ಪಷ್ಟವಾಗಿ ಕೇಳುತ್ತದೆ. ಹೆದರಿದಾಗ ಸಡಿಲಾಗಿ ಗುಡುಗುಡು ಎನ್ನುವ ತಗ್ಗು ಸದ್ದೇ ಒಳನುಗ್ಗುತ್ತದೆ, ಏಕೆಂದರೆ ಕಾಡಿನಲ್ಲಿದ್ದ ಕಾಲಕ್ಕೆ ಮನುಷ್ಯನಿಗೆ ಗುಡುಗುಡು ಎಂದರೆ ಹುಲಿಯ ಗಂಟಲು, ಬೀಳುವ ಬಂಡೆ. ಕಿವಿಪಟ್ಟಿ ಆ ತಗ್ಗು ಸದ್ದನ್ನೆಲ್ಲ ಸೋಸಿ, ಹೆಣ್ಣುದನಿಯಂಥ ಸಂಗೀತವನ್ನು ಏರಿಸುತ್ತ ಇಳಿಸುತ್ತ ಆ ಸ್ನಾಯುವಿಗೆ ಸಾಮು ಮಾಡಿಸುತ್ತದೆ. ಹುಬ್ಬಿನ ಪಕ್ಕದ ಕಣತಲೆಯ ನಾಡಿ ಓದಿ ಮಗುವಿನ ಎದೆಬಡಿತಕ್ಕೆ ತಕ್ಕಂತೆ ರಾಗ ಬದಲಿಸುತ್ತದೆ. ಕೆಲವು ವಾರ ಹೀಗೆ ಕೇಳಿದರೆ ಮಗು ಸಿಟ್ಟು ಬಂದರೂ ತಾನೇ ಇಳಿಸಿಕೊಳ್ಳಲು ಕಲಿಯುತ್ತದೆ. ಪಟ್ಟಿಯ ಅಂಚಿನ ದೀಪ ಕೆಂಪಿನಿಂದ ಹಳದಿಗೆ, ಹಳದಿಯಿಂದ ಹಸಿರಿಗೆ ಬರುತ್ತದೆ.

ಸಾವಿರಾರು ಮಕ್ಕಳಿಗೆ ಹಾಗೆ ಆಗಿತ್ತು. ಪಾರಿಗೆ ಆಗುತ್ತಿರಲಿಲ್ಲ.

ಆ ದಿನವೂ ಇಂದುಮತಿ ಎಲ್ಲವನ್ನೂ ಕ್ರಮದಂತೆಯೇ ಮಾಡಿದಳು. ಕೈ ತೊಳೆದು, ಪಟ್ಟಿ ಒರೆಸಿ, ಚಾಪೆ ಹಾಸಿ, ಮೆಲುದನಿಯಲ್ಲಿ ಪಾರಿಯನ್ನು ಕರೆದಳು. ಕಸ್ತೂರಿ, ಅವಳ ಅತ್ತೆ ತಾರವ್ವ, ನೆರೆಮನೆಯ ಇಬ್ಬರು ಹೆಂಗಸರು ಗೋಡೆಗೆ ಒರಗಿ ಕೂತಿದ್ದರು. ಯಾರೂ ಮಾತಾಡಲಿಲ್ಲ. ಮಾತಾಡಬೇಕಾದರೆ ಒಬ್ಬರ ಕಿವಿಗೆ ಒಬ್ಬರು ಪಿಸುಗುಟ್ಟಿದರು. ಪಾರಿಯ ತಲೆಗೆ ಪಟ್ಟಿ ಏರಿತು, ದೀಪ ಕೆಂಪಾಯಿತು. ಹುಡುಗಿ ಮುಖಗಳನ್ನು ಒಂದೊಂದಾಗಿ ನೋಡಿದಳು. ಸ್ವಲ್ಪ ಹೊತ್ತಿಗೆ ಪಟ್ಟಿ ಕಿತ್ತೆಸೆದು ಒಳಗೆ ಓಡಿದಳು. ಮಗ್ಗದ ಕೋಣೆ, ಅಡುಗೆಮನೆ, ಹಿತ್ತಲು, ಅಟ್ಟದ ಮೆಟ್ಟಿಲು ಎಲ್ಲ ಸುತ್ತಿ ಬಂದು, ಅಪ್ಪ ಎಲ್ಲದಾನ ಎಂದು ಕಿರುಚಿದಳು. ಅಪ್ಪ ಈರಪ್ಪ ಹೊರಗೆ ಕಟ್ಟೆಯ ಮೇಲೆಯೇ ಇದ್ದ. ಅವನನ್ನು ಕಂಡ ಮೇಲೂ ಅಳು ನಿಲ್ಲಲಿಲ್ಲ. ಇಂದುಮತಿ ಹತ್ತಿರ ಹೋದರೆ ಕಚ್ಚಿದಳು.

ಕೈಯಲ್ಲಿದ್ದ ಸಾಧನದಲ್ಲಿ ಇಂದುಮತಿ ದಾಖಲಿಸಿದ್ದು: ಚಡಪಡಿಕೆ, ಗುರಿಯಿಲ್ಲದ ಓಡಾಟ, ಆಕ್ರಮಣ. ಬೇರೆ ಪದ ಆರಿಸುವ ಅವಕಾಶ ಅದರಲ್ಲಿ ಇರಲಿಲ್ಲ.

ಕಸ್ತೂರಿ ಚಹಾ ತಂದು ಕೊಟ್ಟಳು. ಸೆರಗು ಸರಿಮಾಡಿಕೊಂಡಳು. ಕಡೆಗೆ ಹೇಳಿದಳು: "ಅಕ್ಕೋರ, ಸಿಟ್ಟಿಗೇಳಬ್ಯಾಡ್ರಿ. ನೀವು ಬರದ ದಿನ ಹುಡುಗಿ ಇಷ್ಟು ಅಳಂಗಿಲ್ಲರಿ."

ಇಂದುಮತಿ ಚಹಾದ ಬಟ್ಟಲು ಕೆಳಗಿಟ್ಟಳು. ಅವಳು ಬಹಳ ದಿನದಿಂದ ಹೆದರುತ್ತಿದ್ದ ಮಾತು ಅದು.

*

ಧಾರವಾಡದ ಕೇಂದ್ರದಲ್ಲಿ ಒಂದು ಗೋಡೆಯ ಪೂರ್ತಿ ಪರದೆಯಿತ್ತು. ಯೋಜನೆಯಲ್ಲಿದ್ದ ಪ್ರತಿ ಮಗುವೂ ಅದರಲ್ಲೊಂದು ಚುಕ್ಕೆ. ಹಳಿಯಾಳ, ಸವಣೂರು, ಗೋಕಾಕದ ಕಡೆ ಹಸಿರು ಹಬ್ಬಿತ್ತು. ಬನಹಟ್ಟಿಯ ಜಾಗದಲ್ಲಿ ಕೆಂಪು, ದಡಾರ ಎದ್ದ ಹಾಗೆ. ವಾರಕ್ಕೊಮ್ಮೆ ಇಂದುಮತಿಯಂಥ ನಿರ್ವಾಹಕರೆಲ್ಲ ಆ ಪರದೆಯ ಮುಂದೆ ಕೂರಬೇಕಿತ್ತು, ತಮ್ಮ ತಮ್ಮ ಚುಕ್ಕೆಗಳ ಬಗ್ಗೆ ಹೇಳಬೇಕಿತ್ತು.

ಇಂದುಮತಿಯ ಸಹೋದ್ಯೋಗಿಗಳಲ್ಲಿ ಹೆಚ್ಚಿನವರು ಹಗಲು ಕಾಲೇಜಿನಲ್ಲಿ ಓದಿ ಬಂದವರು. ಅವಳು ಸವದತ್ತಿಯವಳು. ಹಗಲು ಧಾರವಾಡದ ಸೀರೆ ಅಂಗಡಿಯೊಂದರಲ್ಲಿ ನಿಂತು, ಸಂಜೆ ತರಗತಿಯಲ್ಲಿ ಈ ಡಿಪ್ಲೊಮಾ ಮುಗಿಸಿದ್ದಳು. ತರಗತಿಯಲ್ಲಿ ಕಣ್ಣು ಎಳೆಯುತ್ತಿದ್ದ ಸಂಜೆಗಳು ಬಹಳ. ಅಂಥ ಯಾವುದೋ ಸಂಜೆ ಮುಖ್ಯವಾದ ಪಾಠವೊಂದು ತನ್ನ ತಲೆಯ ಮೇಲಿಂದ ಹೋಗಿರಬೇಕು, ಬೇರೆಯವರಿಗೆಲ್ಲ ಗೊತ್ತಿರುವ ಅದು ತನಗೊಬ್ಬಳಿಗೆ ಗೊತ್ತಿಲ್ಲ ಎನ್ನುವ ಅನುಮಾನ ಅವಳನ್ನು ಬಿಟ್ಟೇ ಇರಲಿಲ್ಲ. ಪರದೆಯಲ್ಲಿ ಬನಹಟ್ಟಿ ಬಂದಾಗಲೆಲ್ಲ ಆ ಅನುಮಾನಕ್ಕೆ ಸಾಕ್ಷಿ ಸಿಕ್ಕಂತಾಗುತ್ತಿತ್ತು.

ಕೇಂದ್ರದ ಮುಖ್ಯಸ್ಥೆ ಡಾಕ್ಟರ್ ವಿಭಾ ಕೊಪ್ಪರ ಕೂಗಾಡುವವರಲ್ಲ. ನಿಧಾನವಾಗಿ, ಒಂದೊಂದೇ ಪ್ರಶ್ನೆ ಕೇಳುತ್ತಿದ್ದರು. ಪಟ್ಟಿ ಸರಿಯಾಗಿ ಕೂತಿತ್ತೇ, ದನಿಯ ಮಟ್ಟ ಸರಿಯಿತ್ತೇ, ಮನೆ ನಿಶ್ಶಬ್ದವಿತ್ತೇ. ಎಲ್ಲಕ್ಕೂ ಹೌದು ಎಂದಾಗ ಅವರು ಕನ್ನಡಕ ತೆಗೆದು ಒರೆಸಿದರು. ಗದ್ದಲದ ಊರು, ಹುಟ್ಟಿದಾಗಿನಿಂದ ಆ ಮಕ್ಕಳ ನರಗಳು ಬಳಲಿವೆ, ಅವಕ್ಕೆ ಇನ್ನೂ ಹೆಚ್ಚಿನ ನಿಶ್ಶಬ್ದ ಬೇಕು ಎಂದರು. ಮುಂದಿನ ಪರಿಶೀಲನೆಗೂ ಪಾರಿ ಕೆಂಪಿನಲ್ಲೇ ಉಳಿದರೆ ಮೌನಧಾಮಕ್ಕೆ ಕಳಿಸಬೇಕಾಗುತ್ತದೆ ಎಂದೂ ಹೇಳಿದರು.

ಮೌನಧಾಮವನ್ನು ಇಂದುಮತಿ ತರಬೇತಿಯಲ್ಲಿ ನೋಡಿದ್ದಳು. ಊರ ಹೊರಗೆ, ದಪ್ಪ ಗೋಡೆಯ, ರತ್ನಗಂಬಳಿ ಹಾಸಿದ ಕಟ್ಟಡ. ಬಾಗಿಲು ಹಾಕಿದರೂ ಸದ್ದಾಗದು. ಮಕ್ಕಳು ಅಲ್ಲಿ ಒಂದು ಋತುವಿಡೀ ಇರಬೇಕು, ಮೊದಲ ತಿಂಗಳು ತಂದೆತಾಯಿ ನೋಡುವಂತಿಲ್ಲ. ಬಹಳಷ್ಟು ಮಕ್ಕಳು ಹಸಿರಾಗಿಯೇ ಹೊರಬರುತ್ತಿದ್ದರು. ಅಪ್ಪ ಎಲ್ಲದಾನ ಎಂದು ಪಾರಿ ಆ ಗಂಬಳಿಯ ಮೇಲೆ ಕೋಣೆಯಿಂದ ಕೋಣೆಗೆ ಓಡುವುದು ಇಂದುಮತಿಯ ಕಣ್ಣಿಗೆ ಕಟ್ಟಿತು.

ಬನಹಟ್ಟಿಯ ಬಾಡಿಗೆ ಕೋಣೆಗೆ ಮರಳಿದ ಸಂಜೆ ಪಟ್ಟಿಯನ್ನು ತನ್ನ ತಲೆಗೇ ಕಟ್ಟಿಕೊಂಡಳು. ತಪ್ಪು ಯಂತ್ರದ್ದೋ ತನ್ನದೋ ನೋಡೋಣ ಎಂದು. ಕೆಳಗೆ ಮನೆಯೊಡತಿ ಕುಕ್ಕರ್ ಇಟ್ಟಿದ್ದಳು. ಮಂದಾನಿಲದ ರಾಗ ಕಿವಿಯೊಳಗೆ ಹತ್ತಿಯಂತೆ ತೇಲಿತು. ದೀಪ ಹಳದಿಗೆ ಬಂದು ಅಲ್ಲೇ ನಿಂತಿತು, ಹಸಿರಾಗಲಿಲ್ಲ. ತನ್ನ ಅಳುಕನ್ನೂ ಓದಿದ ಯಂತ್ರ ಸರಿಯಿದೆ ಎಂದು ಅವಳಿಗೆ ಖಾತ್ರಿಯಾಯಿತು.

*

ಮುಂದಿನ ವಾರಗಳಲ್ಲಿ ಅವಳು ನಿಶ್ಶಬ್ದವನ್ನು ಹುಡುಕಿಕೊಂಡು ಓಣಿಯಲ್ಲಿ ಅಲೆದಳು. ಗಿರಣಿಯವನಿಗೆ ಕೈಮುಗಿದಳು. ನಲ್ಲಿಯ ಮೋಟರು ಆ ಹೊತ್ತಿನಲ್ಲಿ ಬೇಡವೆಂದಳು. ಕಸ್ತೂರಿಯ ಮನೆಯ ಕಿಟಕಿಗೆ ದಪ್ಪ ಚಾದರ ಕಟ್ಟಿಸಿದಳು. ಓಣಿಯವರಿಗೆ ಇದು ತಮ್ಮದೇ ಕೆಲಸವಾಯಿತು. ಒಬ್ಬಳು ತನ್ನ ಹುಂಜವನ್ನು ಬುಟ್ಟಿ ಕೆಳಗೆ ಮುಚ್ಚಿದಳು. ಹುಂಜ ಬುಟ್ಟಿಯೊಳಗಿಂದಲೂ ಕೂಗಿದಾಗ ಅವಳ ಗಂಡ, ಇದನ್ನೂ ಧಾರವಾಡಕ್ಕ ಕಳಸೂಣೇನ್ರಿ ಅಕ್ಕೋರ ಎಂದು ಪಿಸುಗುಟ್ಟಿದ. ಬಾಯಿಗೆ ಸೆರಗು ಒತ್ತಿ ನಕ್ಕ ಹೆಂಗಸರು, ಇಂದುಮತಿಯ ಮುಖ ಕಂಡು ನಗುವನ್ನೂ ನುಂಗಿದರು.

ಓಣಿ ಎಷ್ಟು ಸುಮ್ಮನಾಯಿತೋ ಪಾರಿ ಅಷ್ಟು ಕೆಟ್ಟಳು. ಈಗ ಚಾಪೆ ಹಾಸುವ ಮೊದಲೇ ಓಟ. ಮಗ್ಗದ ಕೆಳಗೆ, ಧಾನ್ಯದ ಡಬ್ಬಿಗಳ ಹಿಂದೆ, ಹಾಸಿಗೆಯ ಸುರುಳಿಯ ಒಳಗೆ ಎಲ್ಲ ಇಣುಕುವಳು. ತಾರವ್ವ ಕೂತಲ್ಲೇ ತೂಕಡಿಸಿದರೆ ಮುದುಕಿಯ ಮೂಗಿನ ಕೆಳಗೆ ಬೆರಳು ಹಿಡಿಯುವಳು. ಅಜ್ಜಿಗೆ ಮಾಡುವ ಚೇಷ್ಟೆ ಎಂದುಕೊಂಡು ಇಂದುಮತಿ ಅದನ್ನು ದಾಖಲಿಸಲೂ ಇಲ್ಲ. ಕೇಂದ್ರದಿಂದ ಪರಿಶೀಲನೆಯ ದಿನ ನಿಗದಿಯಾಗಿ ಬಂತು. ತಾಯಿ, ಮಗು, ನಿರ್ವಾಹಕಿ ಮೂವರೂ ಧಾರವಾಡಕ್ಕೆ ಬರಬೇಕು.

ಅದಕ್ಕೆ ಮುಂಚಿನ ಭೇಟಿಯ ದಿನ ಅವಳು ತಿರುವಿಗೆ ಬಂದಾಗ ಮಗ್ಗಗಳು ಆಗಲೇ ನಿಂತಿದ್ದವು. ತಾನು ತಡವಾಗಿ ಬಂದೆನೇ ಎಂದು ಗಡಿಯಾರ ನೋಡಿಕೊಂಡಳು. ಇಲ್ಲ, ಹೊತ್ತಿಗೆ ಮುಂಚೆಯೇ ಬಂದಿದ್ದಳು. ಜನ ಎಷ್ಟು ಒಳ್ಳೆಯವರು, ನನ್ನಂಥವಳನ್ನು ನಂಬಿ ಇಷ್ಟು ಮಾಡುತ್ತಾರಲ್ಲ ಎಂದುಕೊಂಡು, ಕಣ್ಣು ತೇವವಾಗಿ ಬೇಗ ಬೇಗ ನಡೆದಳು. ಗಂಡಸರು ಕಟ್ಟೆಗಳ ಮೇಲೆ ಕೂತಿದ್ದರು. ಹೆಂಗಸರು ಗೋಡೆಗೆ ಒರಗಿ ಪಿಸುಮಾತಾಡುತ್ತಿದ್ದರು. ಎಲ್ಲ ಅವಳ ಭೇಟಿಯ ದಿನದಂತೆಯೇ ಇತ್ತು. ಓಣಿಯ ಕೊನೆಯಲ್ಲಿ ಬಿದಿರು ಕಟ್ಟುತ್ತಿದ್ದುದನ್ನು ನೋಡುವವರೆಗೆ ಅವಳಿಗೆ ತಿಳಿಯಲಿಲ್ಲ.

ಬೆಳಿಗ್ಗೆ ಹಿರಿಯ ನೇಕಾರ ಗುರುಸಿದ್ದಪ್ಪ ತೀರಿಕೊಂಡಿದ್ದ. ಓಣಿಯಲ್ಲಿ ಯಾರಾದರೂ ಸತ್ತರೆ ಹೆಣ ಎತ್ತುವವರೆಗೆ ಎಲ್ಲ ಮನೆಯ ಮಗ್ಗ ನಿಲ್ಲುವುದು ಅಲ್ಲಿಯ ರೂಢಿ. ಕರೆಂಟು ಹೋಗಿ ನಿಂತರೆ ಎಲ್ಲರೂ ಹೊರಗೆ ಬಂದು ಗಲಾಟೆ ಮಾಡುತ್ತಾರೆ, ಮಕ್ಕಳು ಕುಣಿಯುತ್ತಾರೆ, ವಿದ್ಯುತ್ ಇಲಾಖೆಯವರಿಗೆ ಬೈಗುಳ ಬೀಳುತ್ತವೆ. ದೀಪ ಉರಿಯುತ್ತಿದ್ದು ಮಗ್ಗ ನಿಂತರೆ, ಜನ ತಗ್ಗು ದನಿಯಲ್ಲಿ ಮಾತಾಡಿದರೆ, ಅದಕ್ಕೆ ಒಂದೇ ಅರ್ಥ.

ಕಸ್ತೂರಿಯ ಮನೆಯ ಬಾಗಿಲಲ್ಲಿ ನಿಂತು ಇಂದುಮತಿ ಒಳಗೆ ನೋಡಿದಳು. ಪಾರಿ ಓಡುತ್ತಿದ್ದಳು. ಮಗ್ಗದ ಕೋಣೆ, ಅಡುಗೆಮನೆ, ಹಿತ್ತಲು, ಅಟ್ಟ. ಅಪ್ಪನನ್ನು ಮುಟ್ಟಿ ಬಂದಳು. ತಾರವ್ವನ ಮೂಗಿನ ಕೆಳಗೆ ಬೆರಳು ಹಿಡಿದಳು. ಅವ್ವನ ಸೆರಗು ಹಿಡಿದುಕೊಂಡು ಕೇಳಿದಳು: "ಯಾರಬೇ?"

ಗುರುಸಿದ್ದಜ್ಜ ಎಂದು ಕಸ್ತೂರಿ ಮೆಲ್ಲಗೆ ಹೇಳಿದಳು. ಹುಡುಗಿ ಉಸಿರು ಬಿಟ್ಟು ನೆಲಕ್ಕೆ ಕುಕ್ಕರಿಸಿದಳು. ಅಳಲಿಲ್ಲ. ಇವತ್ತು ಅವಳ ಪ್ರಶ್ನೆಗೆ ಉತ್ತರ ಸಿಕ್ಕಿತ್ತು.

ಇಷ್ಟು ವಾರ ವಾರಕ್ಕೆರಡು ಸಲ ಇಂದುಮತಿ ಆ ಓಣಿಗೆ ಸಾವನ್ನು ತಂದು ಕೂಡಿಸಿ, ಸತ್ತವರು ಯಾರೆಂದು ಮಾತ್ರ ಹೇಳದೆ ಎದ್ದು ಹೋಗಿದ್ದಳು. ಮಗ್ಗ ಇನ್ನಾವಾಗ ನಿಲ್ಲುತ್ತದೆಂದು ಓಣಿಯವರು ಒಬ್ಬರೂ ಅವಳಿಗೆ ಹೇಳಿರಲಿಲ್ಲ. ಮಗುವಿಗೆ ಗುಣ ಮಾಡಲು ಬಂದವಳ ಮುಂದೆ ಅಂಥ ಅಪಶಕುನದ ಮಾತು ಯಾರು ಆಡುತ್ತಾರೆ. ಅವಳೂ ಕೇಳಿರಲಿಲ್ಲ.

*

ಮೂರನೆಯ ದಿನಕ್ಕೆ ಅವಳು ಹಿಂದಿನ ಸಂದಿಯಿಂದ, ಯಾರಿಗೂ ಕಾಣದಂತೆ, ಕಳ್ಳಿಯ ಹಾಗೆ ಬಂದಳು. ಮಗ್ಗಗಳು ನಡೆಯುತ್ತಿದ್ದವು. ಲಾಳಿ ಈ ತುದಿಯಿಂದ ಆ ತುದಿಗೆ ಬಡಿದು ಬಡಿದು ಇಡೀ ಮನೆ ಅದುರುತ್ತಿತ್ತು. ಪಾರಿ ಮಗ್ಗದ ಪಕ್ಕ ನೂಲು ಸುತ್ತುವ ಖಾಲಿ ಕಂಡಿಕೆಗಳನ್ನು ಸಾಲಾಗಿ ನಿಲ್ಲಿಸಿ ಆಡುತ್ತಿದ್ದಳು. ಅವಳ ಕೆಳತುಟಿ ಜೋತು ಬಿದ್ದಿತ್ತು, ಪೂರ್ತಿ ನಿರಾಳವಾದ ಮಕ್ಕಳಿಗೆ ಬೀಳುವ ಹಾಗೆ. ಇಂದುಮತಿಯನ್ನು ಕಂಡು ಒಮ್ಮೆ ಮಗ್ಗದ ಕಡೆ ನೋಡಿದಳು. ಅದು ನಿಲ್ಲಲಿಲ್ಲ. ಮತ್ತೆ ಆಟಕ್ಕೆ ತಿರುಗಿದಳು.

ಪಟ್ಟಿ ಹಾಕಿದರೆ ಯಂತ್ರ ಶುರುವಾಗಲೇ ಒಪ್ಪಲಿಲ್ಲ. ಪರಿಸರದಲ್ಲಿ ಗದ್ದಲವಿದೆ ಎಂದು ಮಿನುಗಿ ಆರಿತು. ಮತ್ತೆ ಒತ್ತಿದಳು, ಮತ್ತೆ ಆರಿತು. ಕಡೆಗೆ ಕಿವಿಯ ಬಟ್ಟಲುಗಳನ್ನು ಕಳಚಿ, ನಾಡಿ ಓದುವ ಭಾಗವೊಂದನ್ನೇ ಪಾರಿಯ ಕಣತಲೆಗೆ ಅಂಟಿಸಿದಳು. ಹಾಗೆ ಮಾಡಬಾರದೆಂದು ತರಬೇತಿಯಲ್ಲಿ ಹೇಳಿದ್ದರು. ಸಾಧನದ ಮೇಲೆ ಗೆರೆ ಮೂಡಿತು. ಸವಣೂರಿನ ಹಸಿರು ಮಕ್ಕಳ ಗೆರೆಗಿಂತಲೂ ಸಮನಾದ, ಉದ್ದನೆಯ ಅಲೆಗಳ ಗೆರೆ.

ಅವಳು ಕಸ್ತೂರಿಗೆ ತಿಳಿದದ್ದನ್ನು ಹೇಳಿದಳು. ಮಗ್ಗದ ಸದ್ದಿನ ಮೇಲೆ ಕೂಗಿ ಹೇಳಬೇಕಾಯಿತು, ಕೂಗಿ ಹೇಳುವಾಗ ಅದು ಇನ್ನೂ ನಾಚಿಕೆಗೇಡಾಗಿ ಕೇಳಿತು. ಕಸ್ತೂರಿಯ ಕೈ ಒಂದು ಗಳಿಗೆ ನೂಲಿನ ಮೇಲೆ ನಿಂತಿತು. ತನ್ನ ಮಾವ ಸತ್ತಾಗ ಪಾರಿಗೆ ಮೂರು ವರ್ಷ ಎಂದಳು. ಅಂದು ಮಗ್ಗ ನಿಂತಾಗ ಎಲ್ಲರೂ ಅಳುವುದರಲ್ಲಿದ್ದರು, ಹುಡುಗಿಗೆ ಯಾರೂ ಏನೂ ಹೇಳಲಿಲ್ಲ, ಅಜ್ಜನನ್ನು ಅದೇ ಮನೆಮನೆ ಹುಡುಕಿತು. ಇಷ್ಟು ಹೇಳಿ ಮತ್ತೆ ಲಾಳಿಯ ಕಡೆ ನೋಡುತ್ತ, "ನಾ ನಿಮ್ಮ ಮ್ಯಾಲೆ ಅನಮಾನ ಪಟ್ಟಿದ್ನಿರಿ. ನಿಮ್ಮ ದೃಷ್ಟಿ ಅಂತ ಉಪ್ಪು ನಿವಾಳಿಸಿ ಒಗದಿದ್ದೆ," ಎಂದಳು.

ಇಂದುಮತಿಗೆ ನಗು ಬಂತು. ಬಹಳ ದಿನದ ಮೇಲೆ.

ಆದರೆ ಅವಳ ಸ್ವಭಾವ ಅವಳನ್ನು ನಗುತ್ತ ಇರಲು ಬಿಡುವಂಥದಲ್ಲ. ಕೋಣೆಗೆ ಹೋದವಳೇ ಅನುಮಾನ ಶುರುವಾಯಿತು. ಈ ಸದ್ದು ಕಿವಿಗೆ ಒಳ್ಳೆಯದಲ್ಲ. ತಾರವ್ವನಿಗೆ ಎಡಗಿವಿ ಕೇಳುವುದೇ ಇಲ್ಲ. ಮಗು ಮಗ್ಗದ ಬುಡದಲ್ಲೇ ಬೆಳೆಯಲಿ ಎಂದು ಬರೆಯಲು ಬರುವುದಿಲ್ಲ. ಯೋಚಿಸಿ ಯೋಚಿಸಿ ಒಂದು ದಾರಿ ಕಂಡಿತು. ಮಂದಾನಿಲದ ರಾಗದ ಕೆಳಗೆ ಮಗ್ಗದ ಬಡಿತವನ್ನು ಸಣ್ಣಗೆ ಸೇರಿಸಬೇಕು, ವಾರ ವಾರಕ್ಕೆ ಅದನ್ನು ಇಳಿಸುತ್ತ ಹೋಗಬೇಕು. ಯಾರೂ ಸಾಯದೆಯೂ ಸದ್ದು ನಿಲ್ಲಬಹುದೆಂದು ಮಗುವಿಗೆ ಹಾಗೆ ಕಲಿಸಬಹುದು. ಗೆರೆಯನ್ನೂ ಈ ಯೋಚನೆಯನ್ನೂ ಕೇಂದ್ರಕ್ಕೆ ಕಳಿಸಿ, ಕಳಿಸಿದ ಮೇಲೆ ಅಕ್ಷರದ ತಪ್ಪಿದೆಯೇ ಎಂದು ಮತ್ತೆ ಮತ್ತೆ ಓದಿದಳು.

*

ಪರಿಶೀಲನೆಯ ದಿನ ಕಸ್ತೂರಿಯನ್ನೂ ಪಾರಿಯನ್ನೂ ಹೊರಗೆ ಬೆಂಚಿನ ಮೇಲೆ ಕೂರಿಸಿ ಇಂದುಮತಿ ಒಳಗೆ ಹೋದಳು. ವಿಭಾ ಮೇಡಂ ಒಬ್ಬರೇ ಇದ್ದರು. ಅವಳು ಕಳಿಸಿದ್ದನ್ನು ಅವರು ಪೂರ್ತಿ ಓದಿದ್ದರು, ಅದು ಅವರ ಪ್ರಶ್ನೆಗಳಿಂದಲೇ ತಿಳಿಯಿತು. ಮಗುವಿಗೆ ನಿಜಕ್ಕೂ ನೆಮ್ಮದಿಯೋ ಅಥವಾ ಸದ್ದಿಗೆ ಮರಗಟ್ಟಿದೆಯೋ ಎಂದು ಕೇಳಿದರು. ತನಗೂ ಆ ಸಂಶಯವಿದೆ, ಅದಕ್ಕೇ ಪರೀಕ್ಷೆ ಮಾಡಬೇಕು ಎಂದು ಇಂದುಮತಿ ಹೇಳಿದಳು. ಬೇರೆ ರಾಗ ಸೇರಿಸಲು ರಾಜ್ಯ ಸಮಿತಿಯ ಒಪ್ಪಿಗೆ ಬೇಕು, ಸಮಿತಿ ವರ್ಷಕ್ಕೊಮ್ಮೆ ಸೇರುತ್ತದೆ, ಈ ವರ್ಷದ್ದು ಮುಗಿದಿದೆ ಎಂದು ಮೇಡಂ ಹೇಳಿದರು. ಬಟ್ಟಲು ಕಳಚಿ ತೆಗೆದ ಗೆರೆಯನ್ನು ಯಂತ್ರವೇ ಅಮಾನ್ಯ ಎಂದು ಗುರುತು ಹಾಕಿತ್ತು.

ಈಗ ಪಾರಿ ಹಸಿರಾಗದಿರಲು ಕಾರಣವೇನು ಎಂದು ದಾಖಲಿಸಬೇಕಿತ್ತು. ಪರದೆಯಲ್ಲಿ ಮೂರು ಕಾರಣಗಳಿದ್ದವು. ಇಂದುಮತಿ ಎರಡನೆಯದನ್ನು ತೋರಿಸಿದಳು: ಪರಿಸರ. ಅದೇ ಅಲ್ಲವೇ ನಿಜ.

"ಪರಿಸರ ಅಂತ ಒತ್ತಿದರೆ ಏನಾಗುತ್ತೆ ಗೊತ್ತಲ್ಲ," ಎಂದರು ಮೇಡಂ. "ಆ ಪರಿಸರದಿಂದ ಮಗುವನ್ನು ಬಿಡಿಸಿ ಮೌನಧಾಮಕ್ಕೆ ಹಾಕು ಅನ್ನುತ್ತೆ."

ಮೊದಲನೆಯದು, ಮಗುವಿನ ಪ್ರತಿರೋಧ. ಅದೂ ಮೌನಧಾಮವೇ.

ಇಂದುಮತಿಗೆ ಮೈಯೆಲ್ಲ ಉರಿದುಹೋಯಿತು. ನಿಜ ಹೇಳಿದರೂ ಅಲ್ಲಿಗೇ, ಸುಳ್ಳು ಹೇಳಿದರೂ ಅಲ್ಲಿಗೇ. ಯಾವ ನಿಶ್ಶಬ್ದಕ್ಕೆ ಮಗು ಹೆದರುತ್ತಿದೆಯೋ ಅದರ ಗೂಡಿಗೇ ಅದನ್ನು ಒಯ್ದು ಬಿಡುವ ಯಂತ್ರ ಇದು. ಯಾರ ಮೇಲೆ ಕೂಗಬೇಕು? ಮೇಡಂ ಮೇಲೆ ಕೂಗಿದರೆ ಏನು ಬಂತು, ಅವರೂ ಅದೇ ಪರದೆ ನೋಡುತ್ತಿದ್ದಾರೆ.

"ಮೂರನೆಯದು?" ಎಂದು ಕೇಳಿದಳು.

ಮೇಡಂ ಓದಿ ಹೇಳಲಿಲ್ಲ. ಪರದೆಯನ್ನು ಅವಳ ಕಡೆಗೆ ತಿರುಗಿಸಿದರು. ನಿರ್ವಾಹಕರ ಲೋಪ. ಅದನ್ನು ಒತ್ತಿದರೆ ಈವರೆಗಿನ ಎಲ್ಲ ಅಳತೆಯೂ ರದ್ದು. ಹೊಸ ನಿರ್ವಾಹಕರು ಬಂದು ಮೊದಲಿನಿಂದ ಶುರುಮಾಡುವವರೆಗೆ ಮಗು ಮನೆಯಲ್ಲೇ ಇರಬಹುದು, ಶಾಲೆಗೂ ಸೇರಬಹುದು. ನಿರ್ವಾಹಕರ ಪರವಾನಗಿ ಆ ಕ್ಷಣದಿಂದ ಇಲ್ಲ.

ಸೀರೆ ಅಂಗಡಿಯಲ್ಲಿ ದಿನವಿಡೀ ನಿಂತು ಊದಿದ ಕಾಲಲ್ಲೇ ಹತ್ತುತ್ತಿದ್ದ ಸಂಜೆ ಕಾಲೇಜಿನ ಮೆಟ್ಟಿಲು ಅವಳ ಕಣ್ಣ ಮುಂದೆ ಬಂತು. ಹುದ್ದೆ ಸಿಕ್ಕಾಗಿನಿಂದ ಪ್ರತಿಯೊಂದಕ್ಕೂ ತಪ್ಪು ನನ್ನದೇ ಇರಬೇಕೆಂದು ಹೆದರಿದವಳು ಅವಳು. ತಪ್ಪು ತನ್ನದಲ್ಲ ಎಂದು ಮೊದಲ ಸಲ ಖಚಿತವಾಗಿ ತಿಳಿದ ವಾರವೇ ಅದನ್ನು ತನ್ನದೆಂದು ಒಪ್ಪಬೇಕಾಗಿತ್ತು.

"ಏನು ಲೋಪ ಅಂತ ಬರೆಯಲಿ ಇಂದುಮತಿ?" ಮೇಡಂ ದನಿ ಬಹಳ ಮೆಲ್ಲಗಾಗಿತ್ತು. "ಖಾಲಿ ಬಿಟ್ಟರೆ ತಗೊಳ್ಳೋದಿಲ್ಲ."

"ಸುಮ್ಮನಿರಿ ಅಂತ ಹೇಳೋ ಮುಂಚೆ, ಇಲ್ಲಿ ಸುಮ್ಮನಾಗೋದು ಯಾವಾಗ ಅಂತ ಕೇಳಲಿಲ್ಲ. ಹಾಗಂತ ಬರೀರಿ ಮೇಡಂ."

ಮೇಡಂ ಬರೆದರು. ಇಂದುಮತಿ ಅದನ್ನು ಓದಿ ಬೆರಳು ಒತ್ತಿದಳು. ಹಾಗೆ ನೋಡಿದರೆ ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ. ಅವಳಿಗೆ ಎಲ್ಲಕ್ಕಿಂತ ಸಿಟ್ಟು ತರಿಸಿದ್ದು ಅದೇ.

ಹೊರಡುವಾಗ ಮೇಡಂ, ಸಮಿತಿಗೆ ನಾನು ಬರೆಯುತ್ತೇನೆ ಎಂದರು. ನಿಮ್ಮ ಗೆರೆ ರದ್ದಾಯಿತು, ಏನನ್ನು ತೋರಿಸಿ ಬರೆಯಲಿ ಗೊತ್ತಿಲ್ಲ, ಆದರೂ ಬರೆಯುತ್ತೇನೆ.

*

ಕಾರಿಡಾರಿನ ಗೋಡೆಗೆ ಶಾಂತವಾಗಿರಿ ಎಂದು ಬರೆದ ಫಲಕಗಳಿದ್ದವು. ಬೆಂಚಿನ ಮೇಲೆ ಪಾರಿ ಅವ್ವನ ಎದೆಗೆ ಕಿವಿ ಹಚ್ಚಿ ಕೂತಿದ್ದಳು. ಹೋಗುವ ಬರುವ ಬಿಳಿಯಂಗಿಯವರ ಮುಖಗಳನ್ನು ನೋಡುತ್ತಿದ್ದಳು.

ಹುಡುಗಿಯನ್ನು ಎಲ್ಲಿಗೂ ಕಳಿಸಬೇಕಿಲ್ಲ, ಜೂನಿಗೆ ಶಾಲೆಗೆ ಹಚ್ಚಿ ಎಂದು ಇಂದುಮತಿ ಹೇಳಿದಳು. ಕಸ್ತೂರಿ ಹೇಗೆ ಎಂದು ಕೇಳಿದಳು. ಇಂದುಮತಿಗೆ ಸುಳ್ಳು ಹೊಂದಿಸಲು ಬರಲಿಲ್ಲ, ಸದ್ದು ಇಳಿಸುವ ತನ್ನ ಯೋಚನೆಯನ್ನೂ ಸೇರಿಸಿ ಇದ್ದದ್ದನ್ನು ಹೇಳಿದಳು. ಕಸ್ತೂರಿ ಕೃತಜ್ಞತೆ ಹೇಳುವಳೆಂದೋ ಅಳುವಳೆಂದೋ ಅವಳಿಗೆ ಮುಜುಗರವಾಗತೊಡಗಿತ್ತು. ಕಸ್ತೂರಿ ಎರಡನ್ನೂ ಮಾಡಲಿಲ್ಲ. ಹುಬ್ಬು ಗಂಟಿಕ್ಕಿ ಕೂತಳು.

"ಅಂದ್ರ ನಿಮ್ಮ ಜಾಗಾಕ್ಕ ಇನ್ನೊಬ್ಬಾಕಿ ಬರ್ತಾಳ. ಹೌದಲ್ರಿ?"

"ಬರ್ತಾರೆ."

"ಬಂದು ಮತ್ತ ಮಗ್ಗ ನಿಲ್ಲಸರಿ ಅಂತಾಳ. ನಮ್ಮ ಹುಡುಗಿ ಇರಲಿ, ಹಿಂದಿನ ಓಣ್ಯಾಗ ಅದಾವಲ್ಲರಿ, ಮಾಲವ್ವನ ಮಗ, ಆ ಸಾಬರ ಹುಡುಗಿ. ಅವಕ್ಕೂ ಕೆಂಪs ಬರೂದು. ಅವನ್ನ ಯಾರ ಬಿಡಿಸ್ತಾರ? ನಿಮ್ಮಂಥಾಕಿ ಓಣಿಗೊಬ್ಬಾಕಿ ಬರಬೇಕೇನು, ತಪ್ಪು ಹೊತಗೊಂಡ ಹೋಗಾಕ?"

ಪರದೆಯ ಮೇಲೆ ದಡಾರದಂತೆ ಎದ್ದಿದ್ದ ಆ ಕೆಂಪು ಚುಕ್ಕೆಗಳಲ್ಲಿ ಈಗ ಒಂದು ಮಾತ್ರ ಅಳಿಸಿತ್ತು. ಗೆರೆಯೂ ಅದರ ಜೊತೆಗೆ ಅಳಿಸಿತ್ತು. ಒಳಗೆ ಕೂತಾಗ ಅದನ್ನೇಕೆ ಯೋಚಿಸಲಿಲ್ಲ ಎಂದು ಇಂದುಮತಿ ತನ್ನನ್ನು ತಾನೇ ಬೈದುಕೊಂಡಳು.

ಕಸ್ತೂರಿ, ಸದ್ದಿದ್ದರೆ ಆ ಪಟ್ಟಿ ಚಾಲೂ ಆಗುವುದೇ ಇಲ್ಲ ಅಲ್ಲವೇ ಎಂದು ಕೇಳಿದಳು. ಆಗುವುದಿಲ್ಲ ಎಂದಳು ಇಂದುಮತಿ. ಚಾಲೂ ಆಗದಿದ್ದರೆ ಕೆಂಪು ಬರುವುದು ಹೇಗೆ? ಬರುವುದಿಲ್ಲ, ಅಳತೆ ಬಾಕಿ ಎಂದಷ್ಟೇ ತೋರಿಸುತ್ತದೆ. ಬಾಕಿ ಇದ್ದ ಮಗುವನ್ನು ಮೌನಧಾಮಕ್ಕೆ ಕಳಿಸುತ್ತಾರೆಯೇ? ಇಂದುಮತಿ ನಿಯಮಗಳನ್ನು ಒಂದೊಂದಾಗಿ ನೆನಪು ಮಾಡಿಕೊಂಡಳು. ಮಗ್ಗ ಬಿಡದೆ ನಡೆಸುವ ಊರನ್ನು ನಿಯಮ ಬರೆದವರು ಯಾರೂ ಊಹಿಸಿರಲಿಲ್ಲ. ಕಳಿಸುವುದಿಲ್ಲ, ಅಂಥ ಮಗುವಿಗೆ ತಾತ್ಕಾಲಿಕವಾಗಿ ಶಾಲೆ ಕೊಡಬೇಕು ಎಂದಳು. ಹೇಳಿದ ಮೇಲೆ ಸುಮ್ಮನಿರಲಾಗದೆ, ಆದರೆ ಆ ಸದ್ದು ಮಕ್ಕಳ ಕಿವಿಗೆ ಒಳ್ಳೆಯದಲ್ಲ, ಅದು ಪರಿಹಾರವಲ್ಲ ಎಂದೂ ಸೇರಿಸಿದಳು.

"ಗೊತ್ತೈತ್ರಿ. ನಮ್ಮ ಕಿವುಡ ಅತ್ತಿ ಜೋಡಿ ಸಂಸಾರ ಮಾಡಾಕಿ ನಾನು," ಎನ್ನುತ್ತ ಕಸ್ತೂರಿ ಸೊಂಟದಿಂದ ಫೋನು ತೆಗೆದಳು. "ಅದಕ್ಕ ನೀವು ಬರ್ರಿ. ಪಟ್ಟಿ ಬಿಟ್ಟು ಬರ್ರಿ. ಸ್ವಲ್ಪ ಸ್ವಲ್ಪ ಸದ್ದು ಇಳಿಸೂದು ಅಂದ್ರಲ್ಲ, ನಮ್ಮ ಮಗ್ಗಾನ ಅದಾವ, ಒಂದೊಂದs ನಿಲ್ಲಸಿದ್ರಾತು. ನಿಲ್ಲಸೂ ಮುಂಚೆ ಹುಡುಗ್ರಿಗೆ ಹೇಳಿ ನಿಲ್ಲಸೂಣು. ಸರಕಾರ ಬ್ಯಾರೆ ಬೇಕೇನು ಅದಕ್ಕ?"

ಈರಪ್ಪ ಫೋನು ಎತ್ತಿದ. ಅವನ ಬೆನ್ನ ಹಿಂದೆ ಇಡೀ ಓಣಿಯ ಮಗ್ಗಗಳು ನಡೆಯುತ್ತಿದ್ದವು. ಅವುಗಳ ಮೇಲೆ ಕೇಳಿಸಬೇಕಲ್ಲ, ಮಗ್ಗದ ಮನೆಯ ಹೆಂಗಸು ಹೇಗೆ ಮಾತಾಡುತ್ತಾಳೋ ಹಾಗೆ ಕಸ್ತೂರಿ ಕಾರಿಡಾರು ನಡುಗುವಂತೆ ಕೂಗಿ ಹೇಳಿದಳು: "ಯಾರs ಬರಲಿ, ಯಾವ ಪಟ್ಟಿನs ತರಲಿ, ಓಣ್ಯಾಗ ಒಬ್ಬರೂ ಮಗ್ಗ ನಿಲ್ಲಸಬ್ಯಾಡ್ರಿ ಅಂತ ಹೇಳ್ರಿ. ಹಿಂದಿನ ಓಣಿಗೂ ಹೇಳ್ರಿ."

ಬಾಗಿಲುಗಳು ತೆರೆದವು. ಬಿಳಿಯಂಗಿಯವರು ಇಣುಕಿದರು, ಒಬ್ಬ ತುಟಿಯ ಮೇಲೆ ಬೆರಳಿಟ್ಟ. ಕಸ್ತೂರಿ ಅವನ ಕಡೆ ನೋಡಲೂ ಇಲ್ಲ. ಪಾರಿ ಕೈಚಾಚಿ ಫೋನು ಕಸಿದುಕೊಂಡು ಕಿವಿಗೆ ಒತ್ತಿ ಹಿಡಿದಳು. ಆ ಸಣ್ಣ ತೂತಿನಿಂದ ಲಾಳಿಯ ಬಡಿತ ಚಿಮ್ಮುತ್ತಿತ್ತು. ಇಂದುಮತಿಯ ಬೆರಳು ರೂಢಿಯಂತೆ ಸಾಧನದ ಕಡೆಗೆ ಹೋಯಿತು, ಮಗುವಿನ ನಾಡಿ ನೋಡಲು. ಪರವಾನಗಿ ಇಲ್ಲ ಎಂದು ಅದು ತೆರೆಯಲಿಲ್ಲ. ಅವಳು ಅದನ್ನು ಚೀಲಕ್ಕೆ ಹಾಕಿ, ಬೆಂಚಿನ ಮುಂದೆ ಮೊಣಕಾಲೂರಿ ಕೂತು, ಹುಡುಗಿಯ ಮುಖವನ್ನೇ ನೋಡಿದಳು.